ಅಗ್ಗದ ಡಬಲ್ ಬೇಸ್: ಕಾರ್ಖಾನೆ ಬಿಟ್ಟುಹೋದ ಕೆಲಸ

ಪೆಟ್ಟಿಗೆಯನ್ನು ಬಾಗಿಲಿನಿಂದ ಒಳಗೆ ಎಳೆದುಕೊಳ್ಳುವಾಗಲೇ ಒಳಗಡೆ ಏನೋ ಲೊಡಲೊಡ ಎಂದಿತು. ಆಳೆತ್ತರದ ರಟ್ಟಿನ ಪೆಟ್ಟಿಗೆ. ಆಗ ನಾನು ಶಿಕಾಗೋ ಹತ್ತಿರ ಇದ್ದೆ. ಎರಡನೇ ಮಹಡಿಗೆ ಅದನ್ನು ಹತ್ತಿಸುವಷ್ಟರಲ್ಲಿ ನನಗೂ ಗೆಳೆಯನಿಗೂ ಚಳಿಗಾಲದಲ್ಲೇ ಬೆವರು ಕಿತ್ತುಕೊಂಡಿತ್ತು. ಅಂತರ್ಜಾಲದಲ್ಲಿ ಹುಡುಕಿ ತರಿಸಿದ, ಇದ್ದುದರಲ್ಲೇ ಅಗ್ಗದ ಡಬಲ್ ಬೇಸ್ ಅದು, ಪಿಟೀಲಿನ ಜಾತಿಯ ದೊಡ್ಡ ವಾದ್ಯ. ಬಿಚ್ಚಿ ನೋಡಿದರೆ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಜ್ ಬೇರೆ ಚೀಲದಲ್ಲಿತ್ತು. ತಂತಿಗಳು ಜೋತಾಡುತ್ತಿದ್ದವು. ಲೊಡಲೊಡ ಎಂದದ್ದು ಬೇಸಿನ ಹೊಟ್ಟೆಯೊಳಗೆ ಉರುಳಾಡುತ್ತಿದ್ದ ಬೆರಳು ದಪ್ಪದ ಒಂದು ಕೋಲು. "ಏನೋ ಮುರಿದು ಬಿದ್ದಿದೆ, ವಾಪಸ್ ಕಳಿಸು" ಎಂದ ಗೆಳೆಯ. ಏನೂ ಮುರಿದಿರಲಿಲ್ಲ. ಆ ಕೋಲನ್ನು ನಿಲ್ಲಿಸಬೇಕಾದವನು ನಾನೇ ಎಂದು ಆಮೇಲೆ ಗೊತ್ತಾಯಿತು.

ಇಂಥ ವಾದ್ಯಗಳಿಗೆ ಬೇಸ್ ನುಡಿಸುವವರು ಇಟ್ಟಿರುವ ಅಡ್ಡಹೆಸರು "ಬೇಸ್ ಆಕಾರದ ವಸ್ತು". ಅಂದರೆ ನೋಡಲು ಬೇಸ್, ನುಡಿಸಲು ಅಲ್ಲ. ತಮಾಷೆಯ ಮಾತು. ಆದರೆ ಪೂರ್ತಿ ನ್ಯಾಯವಲ್ಲ ಎಂದು ನನಗೆ ಈಗ ಅನಿಸುತ್ತದೆ. ಇವುಗಳಲ್ಲಿ ಬಹಳಷ್ಟು ಕೆಟ್ಟ ವಾದ್ಯಗಳಲ್ಲ, ಕೆಲಸ ಮುಗಿಯದ ವಾದ್ಯಗಳು. ವೀಣೆ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊಡ, ದಂಡಿ ಎಲ್ಲ ಕೊರೆದು ಮೆರುಗು ಕೊಟ್ಟರೂ ವೀಣೆ ಆಗುವುದಿಲ್ಲ. ಮೇಣದ ಮೇಲೆ 24 ಮೆಟ್ಟಿಲುಗಳನ್ನು ಶ್ರುತಿ ನೋಡಿ ಕೂರಿಸಬೇಕು. ಆ ಮೇಳ ಕಟ್ಟುವ ಕೆಲಸವೇ ಬೇರೆ, ಅದರ ಕಿವಿಯೇ ಬೇರೆ. ಮೇಳ ಕಟ್ಟದ ವೀಣೆಯನ್ನು ಮಾರಿದರೆ ಹೇಗಿರುತ್ತದೆ? ಅಗ್ಗದ ಬೇಸ್ ಹಾಗೆ ಮನೆಗೆ ಬರುತ್ತದೆ.

ಮೊದಲು ಭಾರದ ಲೆಕ್ಕ

ಡಬಲ್ ಬೇಸ್ ಪಿಟೀಲಿನ ಕುಟುಂಬದ ದೊಡ್ಡಣ್ಣ. ಸಾಮಾನ್ಯವಾಗಿ ಸಿಗುವುದು ಮುಕ್ಕಾಲು ಅಳತೆಯದು. ಮುಕ್ಕಾಲು ಎಂದರೆ ಮಕ್ಕಳದ್ದು ಅಂದುಕೊಳ್ಳಬೇಡಿ. ದೊಡ್ಡವರು ನುಡಿಸುವುದೂ ಅದನ್ನೇ, ಪೂರ್ತಿ ಅಳತೆಯದು ಅಪರೂಪ. ಎತ್ತರ ಸುಮಾರು 180 ಸೆಂ.ಮೀ. ತಂತಿಯ ನುಡಿಯುವ ಭಾಗದ ಉದ್ದ ಸುಮಾರು 105 ಸೆಂ.ಮೀ. ನಾಲ್ಕು ತಂತಿ: ಇ, ಎ, ಡಿ, ಜಿ. ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದನ್ನು ಕಿವಿಗಿಂತ ಮೊದಲು ಹೊಟ್ಟೆ ಕೇಳುತ್ತದೆ.

ಉಕ್ಕಿನ ತಂತಿಗಳನ್ನು ಶ್ರುತಿಗೆ ಏರಿಸಿದಾಗ ನಾಲ್ಕೂ ಸೇರಿ 110ರಿಂದ 130 ಕೆ.ಜಿ.ಯಷ್ಟು ಎಳೆಯುತ್ತವೆ. ತಂತಿಗಳು ಬ್ರಿಜ್ ಮೇಲೆ ಬಾಗಿ ಹಾದುಹೋಗುತ್ತವಲ್ಲ, ಆ ಬಾಗಿನಿಂದ ಸುಮಾರು ಅದರ ಅರ್ಧದಷ್ಟು ಭಾರ ಬ್ರಿಜ್ ಮೂಲಕ ಕೆಳಗೆ ಒತ್ತುತ್ತದೆ. ಅಂದರೆ ಒಬ್ಬ ಆಳು ಹಗಲೂ ರಾತ್ರಿ ಬೇಸಿನ ಎದೆಯ ಮೇಲೆ ನಿಂತ ಹಾಗೆ. ಎದೆಹಲಗೆಯ ದಪ್ಪವೋ ಕೆಲವೇ ಮಿಲಿಮೀಟರ್. ಅದು ಕುಸಿಯದಿರಲು ಒಳಗೆ ಎರಡು ಆಸರೆ ಇವೆ. ದಪ್ಪ ತಂತಿಗಳ ಕಡೆ ಉದ್ದಕ್ಕೆ ಅಂಟಿಸಿದ ಒಂದು ಪಟ್ಟಿ, ಅದೇ ಬೇಸ್ ಬಾರ್. ತೆಳು ತಂತಿಗಳ ಕಡೆ ಎದೆಗೂ ಬೆನ್ನಿಗೂ ನಡುವೆ ನಿಂತ ಒಂದು ಕೋಲು, ಅದೇ ಸೌಂಡ್ ಪೋಸ್ಟ್. ನಮ್ಮ ಪೆಟ್ಟಿಗೆಯಲ್ಲಿ ಉರುಳಾಡುತ್ತಿದ್ದದ್ದು ಇದು. ಇದಕ್ಕೆ ಅಂಟು ಹಾಕುವುದಿಲ್ಲ. ಎರಡು ಹಲಗೆಗಳ ನಡುವಿನ ಒತ್ತಿನಲ್ಲೇ ನಿಲ್ಲುತ್ತದೆ. ಎಲ್ಲ ತಂತಿಗಳನ್ನೂ ಒಟ್ಟಿಗೆ ಸಡಿಲಿಸಿದರೆ ಬಿದ್ದೇ ಹೋಗಬಹುದು. ಇಟಲಿಯವರೂ ಫ್ರಾನ್ಸಿನವರೂ ತಮ್ಮ ತಮ್ಮ ಮಾತಿನಲ್ಲಿ ಇದನ್ನು ಕರೆಯುವುದು "ಆತ್ಮ" ಎಂದು. ಸುಮ್ನೆ ಇಟ್ಟ ಹೆಸರಲ್ಲ.

ಈ ಲೆಕ್ಕ ತಲೆಯಲ್ಲಿದ್ದರೆ ರಿಪೇರಿಯ ಕ್ರಮ ತಾನಾಗಿ ಹೊಳೆಯುತ್ತದೆ. ಭಾರ ಹೊರುವುದನ್ನು ಮೊದಲು ಸರಿಮಾಡಬೇಕು, ಸದ್ದು ಮಾಡುವುದನ್ನು ಆಮೇಲೆ.

ಪ್ಲೈವುಡ್ ಎಂದರೆ ಮೂಗು ಮುರಿಯಬೇಡಿ

ಅಗ್ಗದ ಬೇಸ್ ಎಂದರೆ ಹೆಚ್ಚಾಗಿ ಪ್ಲೈವುಡ್. ದುಬಾರಿ ಬೇಸಿನಲ್ಲಿ ಎದೆಹಲಗೆ ಸ್ಪ್ರೂಸ್ ಮರದ್ದು, ಬೆನ್ನು ಮೇಪಲ್ ಮರದ್ದು, ಎರಡನ್ನೂ ದಿಮ್ಮಿಯಿಂದ ಕೆತ್ತಿರುತ್ತಾರೆ. ಪ್ಲೈವುಡ್ ಬೇಸಿನಲ್ಲಿ ತೆಳು ಪದರಗಳನ್ನು ಅಂಟಿಸಿ ಅಚ್ಚಿನಲ್ಲಿ ಒತ್ತಿ ಬಾಗಿಸಿರುತ್ತಾರೆ. ಇದು ಮೋಸವಲ್ಲ. ಶಿಕಾಗೋದ ಕೇ ಕಂಪನಿ 1937ರಲ್ಲೇ ಪ್ಲೈವುಡ್ ಬೇಸ್ ಮಾಡಲು ಶುರುಮಾಡಿತ್ತು. ಅವು ಅಮೆರಿಕದ ಶಾಲೆಗಳಿಗೆ ಹೋದವು, ಬ್ಲೂಗ್ರಾಸ್ ಎಂಬ ಹಳ್ಳಿ ಸಂಗೀತದ ತಂಡಗಳಿಗೆ ಹೋದವು, ಕಾರಿನ ತಾರಸಿಗೆ ಕಟ್ಟಿಸಿಕೊಂಡು ಊರೂರು ಸುತ್ತಿದವು. ಬಿದ್ದವು, ಎದ್ದವು. ಇವತ್ತಿಗೂ ನುಡಿಯುತ್ತಿವೆ, ಹಳೆಯ ಕೇ ಬೇಸಿಗೆ ಒಳ್ಳೆಯ ಬೆಲೆಯೂ ಇದೆ. ಕೆತ್ತಿದ ಹಲಗೆ ಎಳೆಯ ಉದ್ದಕ್ಕೂ ಸೀಳುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆಗೆ ಇನ್ನೊಂದರ ಎಳೆ ಅಡ್ಡ ಇರುವುದರಿಂದ ಹಾಗೆ ಸುಲಭಕ್ಕೆ ಸೀಳುವುದಿಲ್ಲ. ಕಲಿಯುವವರಿಗೆ, ಬಯಲಿನಲ್ಲಿ ನುಡಿಸುವವರಿಗೆ ಇದೇ ವಾಸಿ.

ನಿಜ ಹೇಳಬೇಕೆಂದರೆ ತೀರಾ ಅಗ್ಗಕ್ಕೆ ಸಿಗುವ, ಕೆತ್ತಿದ ಹಲಗೆಯ ಬೇಸ್ ಕಂಡರೇ ನನಗೆ ಭಯ. ಸರಿಯಾಗಿ ಒಣಗದ ಮರ ಇರುವ ಸಾಧ್ಯತೆ ಅದರಲ್ಲಿ ಜಾಸ್ತಿ.

ಈಗ ಪಿಟೀಲು ಕುಟುಂಬದ ವಾದ್ಯಗಳು ದೊಡ್ಡ ಪ್ರಮಾಣದಲ್ಲಿ ಬರುವುದು ಚೀನಾದಿಂದ. ಜಿಯಾಂಗ್ಸು ಪ್ರಾಂತ್ಯದ ಹುವಾಂಗ್‌ಚಿಯಾವೊ, ಬೀಜಿಂಗ್ ಹೊರವಲಯದ ಡೊಂಗ್‌ಗಾವೊಚುನ್ ಇದಕ್ಕೇ ಹೆಸರಾದ ಊರುಗಳು. ಅಲ್ಲಿ ಬಹಳ ಒಳ್ಳೆಯ ಕೆಲಸಗಾರರೂ ಇದ್ದಾರೆ, ಒಳ್ಳೆಯ ಬೇಸುಗಳೂ ಬರುತ್ತವೆ. ಹಾಗಾಗಿ ದೇಶದ ಹೆಸರು ನೋಡಿ ತೀರ್ಪು ಕೊಡಬೇಡಿ, ಬೆಲೆ ನೋಡಿ. ಹಲಗೆ ಒತ್ತುವುದು, ಬಣ್ಣ ಹಾಕುವುದು ಯಂತ್ರದಲ್ಲಿ ಬೇಗ ಆಗುತ್ತದೆ. ಕತ್ತಿನ ಕೀಲು ಕೂರಿಸುವುದು, ತಂತಿಯ ಕೆಳಗಿನ ಉದ್ದ ಹಲಗೆಯಾದ ಫಿಂಗರ್‌ಬೋರ್ಡ್ ಕೀಸುವುದು, ಬ್ರಿಜ್ಜಿನ ಪಾದ ಹೊಂದಿಸುವುದು ಕೈಕೆಲಸ, ಗಂಟೆಗಟ್ಟಲೆ ಹಿಡಿಯುತ್ತದೆ. ಬೆಲೆ ಇಳಿಸಬೇಕು ಎಂದಾಗ ಕತ್ತರಿ ಬೀಳುವುದು ಈ ಗಂಟೆಗಳಿಗೆ.

ಎಲ್ಲಾ ಕತ್ತಿನ ಮೇಲೆ ನಿಂತಿದೆ

ಅಗ್ಗದ ಬೇಸ್ ಕೈಗೆ ಬಂದ ಕೂಡಲೇ ಎಲ್ಲರೂ ಹೊಸ ತಂತಿ ಕೊಳ್ಳಲು ಓಡುತ್ತಾರೆ. ನಾನೂ ಓಡಿದೆ. ತಪ್ಪು ಮಾಡಿದೆ. ಮೊದಲು ನೋಡಬೇಕಾದದ್ದು ಕತ್ತು.

ಬೇಸಿನ ಕತ್ತು ಮೈಗೆ ಸೇರುವ ಕಡೆ, ಮೈಯೊಳಗಿನ ದಪ್ಪ ಮರದ ಅಚ್ಚಿನಲ್ಲಿ ಒಂದು ಗಾಡಿ, ಅಂದರೆ ಗುಳಿ, ಕೊರೆದು ಅದರಲ್ಲಿ ಕತ್ತಿನ ಬುಡವನ್ನು ಇಳಿಸಿ ಅಂಟಿಸಿರುತ್ತಾರೆ. ಬಾಗಿಲಿನ ಚೌಕಟ್ಟಿನ ಕೀಲು ನೆನಪಿಸಿಕೊಳ್ಳಿ. ಮರಕ್ಕೆ ಮರ ಬಿಗಿಯಾಗಿ ತಾಗಿದ್ದರೆ ಮಾತ್ರ ಅಂಟಿಗೆ ಬಲ. ಅಂಟು ಅನ್ನುವುದು ಎರಡು ಮರಗಳನ್ನು ಹಿಡಿದಿಡುವ ವಸ್ತು, ಖಾಲಿ ಜಾಗ ತುಂಬುವ ಗಾರೆ ಅಲ್ಲ. ಅಗ್ಗದ ಬೇಸುಗಳಲ್ಲಿ ಆಗುವುದು ಇದೇ ಎಡವಟ್ಟು. ಕೀಲು ಸಡಿಲ ಕೊರೆದು, ಸಂದಿಗೆ ಅಂಟು ಸುರಿದು, ಮೇಲೆ ವಾರ್ನಿಷ್ ಬಳಿದು ಕಳಿಸಿಬಿಡುತ್ತಾರೆ. ಅಂಗಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ನೂರು ಚಿಲ್ಲರೆ ಕೆ.ಜಿ. ಎಳೆತ ಕೆಲವು ತಿಂಗಳು ಬಿದ್ದಾಗ ಕತ್ತು ನಿಧಾನಕ್ಕೆ ಮುಂದಕ್ಕೆ ವಾಲುತ್ತದೆ. ತಂತಿ ಫಿಂಗರ್‌ಬೋರ್ಡಿನಿಂದ ಮೇಲೆದ್ದು ಒತ್ತಲು ಕಷ್ಟವಾಗುತ್ತದೆ. ಶ್ರುತಿ ನಿಲ್ಲುವುದಿಲ್ಲ.

ಪರೀಕ್ಷೆ ಸುಲಭ. ಕತ್ತಿನ ಬುಡದ ಸುತ್ತ ಟಾರ್ಚ್ ಬಿಟ್ಟು ನೋಡಿ. ಸಂದಿ ಕಂಡರೆ ಅದರೊಳಗೆ ತೆಳು ಕಾಗದ ತೂರಿಸಿ. ಕಾಗದ ಒಳಗೆ ಹೋಯಿತೆಂದರೆ ಕೀಲು ಬಿಟ್ಟಿದೆ ಎಂದೇ ಅರ್ಥ. ಆಮೇಲೆ ಉದ್ದನೆಯ ನೇರ ಪಟ್ಟಿಯೊಂದನ್ನು ಫಿಂಗರ್‌ಬೋರ್ಡ್ ಮೇಲೆ ಮಲಗಿಸಿ ಬ್ರಿಜ್ ನಿಲ್ಲುವ ಜಾಗದವರೆಗೆ ಚಾಚಿ, ಅದು ಎದೆಹಲಗೆಯಿಂದ ಎಷ್ಟು ಎತ್ತರದಲ್ಲಿದೆ ನೋಡಿ. ಬ್ರಿಜ್ ಸಾಮಾನ್ಯವಾಗಿ 15ರಿಂದ 18 ಸೆಂ.ಮೀ. ಎತ್ತರ ಇರುತ್ತದೆ. ಪಟ್ಟಿ ತೀರಾ ಕೆಳಗೆ ಬಂದರೆ ಕುಳ್ಳ ಬ್ರಿಜ್ ಬೇಕಾಗುತ್ತದೆ, ಸದ್ದು ಸಪ್ಪೆಯಾಗುತ್ತದೆ, ಬಿಲ್ಲು ಮೈಗೆ ತಾಗುತ್ತದೆ. ತೀರಾ ಮೇಲಿದ್ದರೆ ಎದೆಹಲಗೆಯ ಮೇಲೆ ಭಾರ ಹೆಚ್ಚು. ಕೊನೆಗೆ ಬೇಸನ್ನು ಮಲಗಿಸಿ ಬಿರಡೆಗಳ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಕತ್ತು ಪಕ್ಕಕ್ಕೆ ತಿರುಗಿದ್ದರೆ ಒಂದು ಬದಿಯ ತಂತಿ ಫಿಂಗರ್‌ಬೋರ್ಡಿನಿಂದ ಜಾರಿ ಬೀಳುವ ಹಾಗೆ ಕಾಣುತ್ತದೆ.

ನನ್ನ ಬೇಸಿನಲ್ಲಿ ಕತ್ತು ಅಂಗೈಯಲ್ಲಿ ತಳ್ಳಿದ್ದಕ್ಕೇ ಕಳಚಿ ಬಂತು. ಒಳಗೆ ನೋಡಿದರೆ ಹಳದಿ ಬಣ್ಣದ ಒಣಗಿದ ಅಂಟಿನ ಗಡ್ಡೆ, ಮರ ಮರಕ್ಕೆ ತಾಗಿದ್ದು ಒಂದೇ ಒಂದು ಮೂಲೆಯಲ್ಲಿ. ಬೇಜಾರಾಯಿತು, ಆದರೆ ಅದೃಷ್ಟವೂ ಹೌದು. ಅರೆಬರೆ ಹಿಡಿದಿರುವ ಕತ್ತನ್ನು ಬಿಡಿಸುವುದು ಇದಕ್ಕಿಂತ ಕಷ್ಟ.

ಮುಂದಿನ ಕೆಲಸ ತಾಳ್ಮೆಯದು. ಹಳೆಯ ಅಂಟನ್ನು ಉಳಿಯಿಂದ ಕೆರೆದು ಬರಿಯ ಮರ ಕಾಣುವಂತೆ ಮಾಡಬೇಕು. ಗಾಡಿ ಅಗಲವಾಗಿದ್ದರೆ ಕತ್ತಿನ ಬುಡದ ಎರಡೂ ಬದಿಗೆ ತೆಳು ಮೇಪಲ್ ಚಕ್ಕೆ ಅಂಟಿಸಿ ದಪ್ಪ ಮಾಡಬೇಕು. ಆಮೇಲೆ ಒಳಬದಿಗೆ ಸೀಮೆಸುಣ್ಣ ಬಳಿದು, ಕತ್ತನ್ನು ಇಳಿಸಿ, ಹೊರತೆಗೆದು, ಎಲ್ಲಿ ಸುಣ್ಣ ಅಂಟಿದೆಯೋ ಅಲ್ಲಿ ಮಾತ್ರ ಒಂದು ಎಳೆ ಕೆರೆಯಬೇಕು. ಮತ್ತೆ ಇಳಿಸಬೇಕು. ಮತ್ತೆ ತೆಗೆಯಬೇಕು. ನಡುನಡುವೆ ಕೋನ ಸರಿಯಿದೆಯೇ, ನೇರ ಇದೆಯೇ ಅಂತ ಪಟ್ಟಿ ಇಟ್ಟು ನೋಡುತ್ತಿರಬೇಕು. ಪಳಗಿದವರಿಗೆ ಒಂದು ದಿನದ ಕೆಲಸ. ನನಗೆ ಮೂರು ವಾರಾಂತ್ಯ ಹಿಡಿಯಿತು. ಅಂಟಿಲ್ಲದೆಯೇ ಕತ್ತು ಕೂತಲ್ಲಿಂದ ಅಲುಗದ ಹಾಗಾದ ಮೇಲೆ ಅಂಟಿಸುವ ಮಾತು.

ಅಂಟು ಯಾವುದು? ಪಿಟೀಲು ಮಾಡುವವರು ಬಳಸುವುದು ಸರೇಸು. ಪ್ರಾಣಿಗಳ ಚರ್ಮದಿಂದ ತೆಗೆದ ಹಳೆಯ ಕಾಲದ ಅಂಟು. ನೀರಿನಲ್ಲಿ ನೆನೆಸಿ, ಸುಮಾರು 60 ಡಿಗ್ರಿ ಬಿಸಿಯಲ್ಲಿಟ್ಟು ಬಳಸುತ್ತಾರೆ. ಒಣಗಿದರೆ ಕಲ್ಲು. ಬೇಕಾದಾಗ ಬಿಸಿ ಮತ್ತು ತೇವ ತಾಗಿಸಿದರೆ ಬಿಡುತ್ತದೆ. ವಾದ್ಯಕ್ಕೆ ಬೇಕಾದದ್ದು ಈ ಗುಣವೇ, ಯಾಕೆಂದರೆ ಯಾವುದೇ ಬೇಸನ್ನು ಅದರ ಆಯಸ್ಸಿನಲ್ಲಿ ಹಲವು ಸಲ ಬಿಚ್ಚಬೇಕಾಗುತ್ತದೆ. ತೊಂದರೆ ಏನೆಂದರೆ ಸರೇಸು ಬೇಗ ತಣ್ಣಗಾಗಿ ಮುದ್ದೆಯಾಗುತ್ತದೆ. ಹೇರ್ ಡ್ರೈಯರಿನಿಂದ ಮರವನ್ನು ಬೆಚ್ಚಗೆ ಮಾಡಿಕೊಂಡು, ಕ್ಲ್ಯಾಂಪುಗಳನ್ನು ಕೈಗೆಟುಕುವ ಹಾಗೆ ಇಟ್ಟುಕೊಂಡು, ಅಂಟಿಲ್ಲದೆ ಒಂದೆರಡು ಸಲ ಪೂರ್ತಿ ತಾಲೀಮು ಮಾಡಿ ಆಮೇಲೆ ಅಂಟು ಮುಟ್ಟಿ. ಸುಲಭಕ್ಕೆ ಬಿಡದ ಎಪಾಕ್ಸಿ ಅಂಟು ಮಾತ್ರ ಬೇಡ. ಮುಂದೆ ಆ ಬೇಸ್ ರಿಪೇರಿ ಮಾಡುವವನು ನಿಮಗೆ ಶಾಪ ಹಾಕುತ್ತಾನೆ.

ಇನ್ನು ಸ್ಕ್ರೂ ವಿಚಾರ. ಕತ್ತಿನ ಬುಡದಿಂದ ಒಳಗಿನ ಅಚ್ಚಿಗೆ ಉದ್ದನೆಯ ಸ್ಕ್ರೂ ಅಥವಾ ಮರದ ಗೂಟ ಹೊಡೆಯುವವರು ಇದ್ದಾರೆ. ಸಂಪ್ರದಾಯಸ್ಥ ಕೆಲಸಗಾರರಿಗೆ ಈ ಮಾತೆತ್ತಿದರೆ ಸಿಟ್ಟು. ನನ್ನ ಅಭಿಪ್ರಾಯ ನಡುದಾರಿಯದು. ದುಬಾರಿ ವಾದ್ಯಕ್ಕೆ ಬೇಡ. ಅಗ್ಗದ ಪ್ಲೈವುಡ್ ಬೇಸಿಗೆ, ಕೀಲು ಚೆನ್ನಾಗಿ ಕೂರಿಸಿದ ಮೇಲೆ ಒಂದು ಗೂಟ ಹೊಡೆದರೆ ತಪ್ಪೇನಿಲ್ಲ. ಕೀಲು ಸರಿ ಮಾಡದೆ ಸ್ಕ್ರೂ ಹಾಕುವುದು ಮಾತ್ರ ಚೌಕಟ್ಟು ಮುರಿದ ಬಾಗಿಲಿಗೆ ದೊಡ್ಡ ಬೀಗ ಜಡಿದ ಹಾಗೆ.

ಕಪ್ಪು ಬಣ್ಣದ ಕೆಳಗಿನ ಬಿಳಿ ಮರ

ಫಿಂಗರ್‌ಬೋರ್ಡ್ ಎಂದರೆ ತಂತಿಯ ಕೆಳಗಿನ ಉದ್ದನೆಯ ಕಪ್ಪು ಹಲಗೆ. ಒಳ್ಳೆಯ ಬೇಸಿನಲ್ಲಿ ಅದು ಕರಿಮರ, ಅಂದರೆ ಎಬೋನಿ. ಗಟ್ಟಿ, ತೂಕ, ತಂತಿ ಉಜ್ಜಿದರೂ ಬೇಗ ಸವೆಯುವುದಿಲ್ಲ. ಕೆಲವದರಲ್ಲಿ ಬೀಟೆ ಇರುತ್ತದೆ. ನಮ್ಮ ಪಶ್ಚಿಮಘಟ್ಟದ ಬೀಟೆ ಜಗತ್ತಿನ ಗಿಟಾರುಗಳಿಗೆಲ್ಲ ಬೇಕಾದ ಮರ ಎನ್ನುವುದು ನಿಮಗೆ ಗೊತ್ತಿರಬಹುದು. ತೀರಾ ಅಗ್ಗದ ಬೇಸಿನಲ್ಲಿ ಇವೆರಡೂ ಇರುವುದಿಲ್ಲ. ಯಾವುದೋ ಬಿಳಿ ಮರಕ್ಕೆ ಕಪ್ಪು ಬಳಿದಿರುತ್ತಾರೆ. ನುಡಿಸಿದ ಮೇಲೆ ಬೆರಳು ಮಸಿಯಾದರೆ ಅದೇ ಸಾಕ್ಷಿ.

ಮೆತ್ತಗಿನ ಮರ ಎನ್ನುವುದಕ್ಕಿಂತ ಅದರ ಆಕಾರ ತಪ್ಪಾಗಿರುವುದು ದೊಡ್ಡ ತೊಂದರೆ. ಫಿಂಗರ್‌ಬೋರ್ಡ್ ಉದ್ದಕ್ಕೆ ನೋಡಿದರೆ ಮಟ್ಟಸವಾಗಿ ಇರಬಾರದು, ನಡುವೆ ಸ್ವಲ್ಪವೇ ತಗ್ಗಿರಬೇಕು. ತಂತಿ ಕಂಪಿಸುವಾಗ ನಡುಭಾಗ ಹೆಚ್ಚು ಅಗಲಕ್ಕೆ ಬೀಸುತ್ತದಲ್ಲ, ಅದಕ್ಕೆ ಜಾಗ ಬೇಕು. ತಂತಿಯನ್ನು ಎರಡೂ ತುದಿಗಳಲ್ಲಿ ಒತ್ತಿ ಹಿಡಿದು ನಡುವೆ ಇಣುಕಿದರೆ 1ರಿಂದ 2 ಮಿ.ಮೀ. ಸಂದಿ ಕಾಣಬೇಕು. ಅಗ್ಗದ ಬೇಸಿನಲ್ಲಿ ಸಂದಿ ಇರುವ ಬದಲು ಗುಡ್ಡ ಇರುತ್ತದೆ, ಅದೂ ಹೆಚ್ಚಾಗಿ ಕತ್ತು ಮೈಗೆ ಸೇರುವ ಜಾಗದ ಆಸುಪಾಸಿನಲ್ಲಿ. ಆ ಗುಡ್ಡಕ್ಕೆ ತಂತಿ ಬಡಿದು ಜರ್ ಎನ್ನುತ್ತದೆ. ಜರ್ ತಪ್ಪಿಸಲು ಬ್ರಿಜ್ ಎತ್ತರಿಸುತ್ತಾರೆ. ಆಗ ತಂತಿ ಒತ್ತಲು ಆಗುವುದಿಲ್ಲ. ಕಲಿಯಲು ಬಂದ ಹುಡುಗ ಎರಡು ವಾರದಲ್ಲಿ ಬೆರಳಿಗೆ ಬೊಬ್ಬೆ ಬಂದು ಓಡಿಹೋಗುತ್ತಾನೆ.

ಇದಕ್ಕೆ ಮದ್ದು ಕೀಸುಳಿ. ಉದ್ದನೆಯ ನೇರ ಪಟ್ಟಿಯಿಟ್ಟು ಗುಡ್ಡ ಎಲ್ಲಿದೆ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿ, ಪ್ರತಿ ತಂತಿಯ ಕೆಳಗೂ ಬೇರೆ ಬೇರೆಯಾಗಿ ನೋಡಿಕೊಂಡು ಕೀಸಬೇಕು. ಕೀಸುಳಿ ಹಿಡಿದು ಅಭ್ಯಾಸ ಇಲ್ಲದಿದ್ದರೆ ಉದ್ದನೆಯ ನೇರ ಮರದ ತುಂಡಿಗೆ ಉಪ್ಪು ಕಾಗದ ಅಂಟಿಸಿಕೊಂಡು ಉಜ್ಜಬಹುದು. ನಿಧಾನ, ಆದರೆ ಅಪಾಯ ಕಡಿಮೆ. ಕೀಸಿದಂತೆ ಕಪ್ಪು ಹೋಗಿ ಬಿಳಿ ಮರ ಹಲ್ಲು ಕಿರಿಯುತ್ತದೆ.

ಅದಕ್ಕೆ ಬಣ್ಣದ ಡಬ್ಬಿ ಬೇಡ. ಗಾಢವಾದ ಚಹಾ ಡಿಕಾಕ್ಷನ್ ಬಳಿದು ಒಣಗಿಸಿ, ಆಮೇಲೆ ಕಬ್ಬಿಣದ ನಾರು ನೆನೆಸಿಟ್ಟ ವಿನೆಗರ್ ಬಳಿಯಿರಿ. ಕಣ್ಣೆದುರೇ ಮರ ಕಪ್ಪಾಗುತ್ತದೆ. ಚಹಾದ ಒಗರಿಗೂ ಕಬ್ಬಿಣಕ್ಕೂ ಆಗುವ ರಸಾಯನ ಅದು. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದದ್ದೂ ಇದೇ ಸೂತ್ರದಲ್ಲಿ. ಈ ಕಪ್ಪು ಮರದೊಳಗೇ ಇಳಿದಿರುತ್ತದೆ, ಬೆರಳಿಗೆ ಹತ್ತುವುದು ಕಡಿಮೆ.

ಫಿಂಗರ್‌ಬೋರ್ಡಿನ ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಪುಟ್ಟ ಕಟ್ಟೆ ಇದೆ, ಅದನ್ನು ನಟ್ ಎನ್ನುತ್ತಾರೆ. ಅಲ್ಲಿ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಸಾಕು. ಅಗ್ಗದ ಬೇಸಿನಲ್ಲಿ ಮೂರು ನಾಲ್ಕು ಕಾರ್ಡ್ ತೂರುತ್ತವೆ. ದುಂಡನೆಯ ಸಣ್ಣ ಅರದಿಂದ ಕಾಲುವೆಗಳನ್ನು ಆಳ ಮಾಡಿದರೆ ಮುಗಿಯಿತು. ಅರ್ಧ ಗಂಟೆಯ ಕೆಲಸ, ಎಡಗೈಗೆ ಸಿಗುವ ಸುಖ ದೊಡ್ಡದು.

ಆತ್ಮ ಮತ್ತು ಕುದುರೆ

ಈಗ ಆ ಕೋಲಿನ ಸರದಿ. ಕಾರ್ಖಾನೆಯಿಂದ ಬಂದ ಸೌಂಡ್ ಪೋಸ್ಟ್ ಬಹಳ ಸಲ ಗಿಡ್ಡವಾಗಿರುತ್ತದೆ, ತುದಿಗಳನ್ನು ಸಪಾಟಾಗಿ ಕತ್ತರಿಸಿರುತ್ತಾರೆ. ಎದೆಹಲಗೆಯ ಒಳಮೈ ಸಪಾಟಲ್ಲ, ಬಾಗಿದೆ. ಸಪಾಟು ತುದಿ ಬಾಗಿದ ಮೈಗೆ ಒಂದು ಅಂಚಿನಲ್ಲಿ ಮಾತ್ರ ತಾಗುತ್ತದೆ. ಇಡೀ ಭಾರ ಆ ಅಂಚಿಗೆ ಬಿದ್ದು ಹಲಗೆಯಲ್ಲಿ ಗುಳಿ ಬೀಳುತ್ತದೆ.

ಹೊಸ ಕೋಲನ್ನು ಸ್ಪ್ರೂಸ್ ಮರದಲ್ಲಿ, ಸುಮಾರು 18 ಮಿ.ಮೀ. ದಪ್ಪಕ್ಕೆ ಮಾಡಿಕೊಳ್ಳಬೇಕು. ಉದ್ದ ಎಷ್ಟು? ಒಳಗೆ ಅಳತೆಪಟ್ಟಿ ಹಿಡಿಯಲು ಆಗುವುದಿಲ್ಲ. ಎರಡು ತೆಳು ಕಡ್ಡಿಗಳನ್ನು ಒಂದರ ಮೇಲೊಂದು ಜಾರುವ ಹಾಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಎಫ್ ಆಕಾರದ ಕಿಂಡಿಯೊಳಗೆ ಬಿಟ್ಟು, ಎದೆಗೂ ಬೆನ್ನಿಗೂ ತಾಗುವಷ್ಟು ಹಿಗ್ಗಿಸಿ ಗುರುತು ಮಾಡಿ. ಅದಕ್ಕಿಂತ ಚೂರು ಉದ್ದ ಕತ್ತರಿಸಿ, ಆಮೇಲೆ ತುದಿಗಳನ್ನು ಬಾಗಿಗೆ ತಕ್ಕಂತೆ ಕೆತ್ತುತ್ತಾ ಬನ್ನಿ. ಕೋಲಿನ ಎಳೆ ಎದೆಹಲಗೆಯ ಎಳೆಗೆ ಅಡ್ಡವಾಗಿ ನಿಲ್ಲಬೇಕು, ಇಲ್ಲದಿದ್ದರೆ ಎಳೆ ಎಳೆಯೊಳಗೆ ಹೂತುಹೋಗುತ್ತದೆ. ನಿಲ್ಲಿಸಬೇಕಾದ ಜಾಗ ಜಿ ತಂತಿಯ ಕಡೆಯ ಬ್ರಿಜ್ ಪಾದದ ಹಿಂದೆ, ಸುಮಾರು ಕೋಲಿನ ದಪ್ಪದಷ್ಟೇ ದೂರದಲ್ಲಿ.

ಇದನ್ನು ನಿಲ್ಲಿಸಲು ಎಸ್ ಆಕಾರದ ಒಂದು ಕಬ್ಬಿಣದ ಸಲಕರಣೆ ಸಿಗುತ್ತದೆ. ಕೋಲಿನ ನೆತ್ತಿಗೆ ಅದನ್ನು ಚುಚ್ಚಿ, ಕಿಂಡಿಯೊಳಗೆ ಇಳಿಸಿ, ಕತ್ತಲಲ್ಲಿ ಕೋಲನ್ನು ಎಬ್ಬಿಸಿ ನಿಲ್ಲಿಸಬೇಕು. ಮೊದಲ ದಿನ ನಲವತ್ತು ಸಲವಾದರೂ ಬಿತ್ತು. ಪೈಪಿನೊಳಗೆ ಇಣುಕಿ ನೋಡುವ ಅಗ್ಗದ ವೈರ್ ಕ್ಯಾಮೆರಾ ಬರುತ್ತದೆ, ಫೋನಿಗೆ ಸಿಕ್ಕಿಸುವಂಥದ್ದು. ಅದನ್ನು ತಂದ ಮೇಲೆ ಬದುಕು ಹಸನಾಯಿತು. ಕೋಲು ನಿಂತ ಮೇಲೆ ತಂತಿ ಇಲ್ಲದೆಯೇ ನಿಂತಿರಬೇಕು, ಆದರೆ ಸಲಕರಣೆಯಿಂದ ತಟ್ಟಿದರೆ ಜರುಗಬೇಕು. ಬಲವಂತವಾಗಿ ತುರುಕಿದ ಕೋಲು ಎದೆಹಲಗೆಯನ್ನೇ ಎತ್ತಿಬಿಡುತ್ತದೆ. ಅರ್ಧ ಸೆಂಟಿಮೀಟರ್ ಅತ್ತಿತ್ತ ಸರಿಸಿದರೂ ಸದ್ದು ಬದಲಾಗುವುದನ್ನು ನೀವೇ ಕೇಳಬಹುದು. ಪಾದಕ್ಕೆ ಹತ್ತಿರ ತಂದರೆ ಸದ್ದು ಸಾಮಾನ್ಯವಾಗಿ ಚುರುಕಾಗುತ್ತದೆ, ದೂರ ಸರಿಸಿದರೆ ಮೆತ್ತಗಾಗುತ್ತದೆ.

ಬ್ರಿಜ್ಜಿಗೆ ನಾವು ವೀಣೆಯಲ್ಲಿ ಕುದುರೆ ಎನ್ನುತ್ತೇವೆ. ಬೇಸಿನ ಬ್ರಿಜ್ ಎರಡು ಕಾಲಿನ ಮೇಲೆ ಎದ್ದುನಿಂತಿರುವುದರಿಂದ ಆ ಹೆಸರು ಇದಕ್ಕೇ ಜಾಸ್ತಿ ಒಪ್ಪುತ್ತದೆ. ಮೇಪಲ್ ಮರದ ಈ ಕುದುರೆಯ ಗೊರಸು ಎದೆಹಲಗೆಯ ಉಬ್ಬಿಗೆ ಪೂರ್ತಿ ಕೂರಬೇಕು. ಅಗ್ಗದ ಬೇಸಿನ ಬ್ರಿಜ್ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟರೆ ಗೊರಸಿನ ಕೆಳಗೆ ಬೆಳಕು ಕಾಣುತ್ತದೆ. ಎದೆಹಲಗೆಯ ಮೇಲೆ ಉಪ್ಪು ಕಾಗದವನ್ನು ಒರಟು ಮುಖ ಮೇಲೆ ಬರುವಂತೆ ಹಾಸಿ, ಬ್ರಿಜ್ಜನ್ನು ನೇರ ಹಿಡಿದು ಅದರ ಮೇಲೆ ಸಣ್ಣಗೆ ಹಿಂದೆ ಮುಂದೆ ಆಡಿಸಿದರೆ ಹಲಗೆಯ ಆಕಾರವೇ ಗೊರಸಿಗೆ ಬರುತ್ತದೆ. ಪರಿಣತರು ಇದನ್ನು ಚಾಕುವಿನಲ್ಲೇ ಮಾಡುತ್ತಾರೆ, ಕಾಗದವನ್ನು ಒಪ್ಪುವುದಿಲ್ಲ. ಮನೆಯಲ್ಲಿ ಮಾಡುವವರಿಗೆ ಕಾಗದ ಸಾಕು, ಕೈ ಓಲಾಡದಿದ್ದರೆ.

ಬ್ರಿಜ್ ಎಲ್ಲಿ ನಿಲ್ಲಬೇಕು ಎಂದು ತೋರಿಸಲು ಎಫ್ ಕಿಂಡಿಗಳಲ್ಲಿ ಪುಟ್ಟ ಕಚ್ಚು ಇರುತ್ತದೆ. ಒಳ್ಳೆಯ ಬೇಸಿನಲ್ಲಿ ಅದನ್ನು ನಂಬಬಹುದು. ಅಗ್ಗದ್ದರಲ್ಲಿ ತಂತಿಯ ಉದ್ದವನ್ನೂ ಒಳಗಿನ ಬೇಸ್ ಬಾರ್ ಎಲ್ಲಿದೆ ಎನ್ನುವುದನ್ನೂ ನೋಡಿಕೊಂಡೇ ನಿಲ್ಲಿಸಿ.

ಎತ್ತರಕ್ಕೆ ಒಂದು ಅಂದಾಜು ಹೇಳುತ್ತೇನೆ. ಬೆರಳಿನಿಂದ ಮೀಟಿ ನುಡಿಸುವವರಿಗೆ ಫಿಂಗರ್‌ಬೋರ್ಡಿನ ಕೆಳತುದಿಯಲ್ಲಿ ಜಿ ತಂತಿ 5ರಿಂದ 6 ಮಿ.ಮೀ., ಇ ತಂತಿ 9ರಿಂದ 10 ಮಿ.ಮೀ. ಮೇಲಿದ್ದರೆ ಆರಾಮ. ನನ್ನದರಲ್ಲಿ ಇ ತಂತಿ 17 ಮಿ.ಮೀ. ಮೇಲಿತ್ತು! ಬ್ರಿಜ್ಜಿನ ಕಾಲುಗಳಲ್ಲಿ ತಿರುಗಿಸುವ ಚಕ್ರ ಕೂರಿಸಿಕೊಂಡರೆ ಎತ್ತರವನ್ನು ಆಮೇಲೂ ಹೊಂದಿಸಬಹುದು. ತೂತು ಕೊರೆಯುವಾಗ ಎರಡೂ ಕಾಲಿನ ತೂತುಗಳು ಒಂದಕ್ಕೊಂದು ಸಮಾನಾಂತರವಾಗಿರಲಿ, ಓರೆಯಾದರೆ ಚಕ್ರ ತಿರುಗಿಸಿದಾಗ ಕುದುರೆಯ ಕಾಲು ಅಗಲುತ್ತದೆ.

ತಂಬೂರಿಯ ಜೀವಾಳಿ, ಬೇಸಿನ ಪೀಡೆ

ತಂಬೂರಿಯಲ್ಲಿ ಕುದುರೆಯ ಮೇಲೆ ದಾರದ ಎಳೆ ಇಟ್ಟು ಆ ಝೇಂಕಾರವನ್ನು ನಾವೇ ಬರಿಸಿಕೊಳ್ಳುತ್ತೇವೆ. ಅದು ಜೀವಾಳಿ. ಬೇಸಿನಲ್ಲಿ ಅಂಥದ್ದೇ ಸದ್ದು ಕರೆಯದೆ ಬರುತ್ತದೆ, ಹೋಗು ಅಂದರೂ ಹೋಗುವುದಿಲ್ಲ. ಅಗ್ಗದ ಬೇಸಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಇದೇ. ಒಂದು ಸ್ವರ ನುಡಿಸಿದಾಗ ಮಾತ್ರ ಜರ್ ಎನ್ನುತ್ತದೆ, ಪಕ್ಕದ ಸ್ವರಕ್ಕೆ ಸುಮ್ಮನಿರುತ್ತದೆ. ಏಕೆಂದರೆ ಸಡಿಲವಾದ ಪ್ರತಿ ವಸ್ತುವಿಗೂ ತನ್ನದೇ ಕಂಪನ ಇದೆ, ಆ ಸ್ವರ ಬಂದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ.

ಹುಡುಕಲು ಇಬ್ಬರು ಬೇಕು. ಒಬ್ಬರು ಆ ಸ್ವರವನ್ನು ಬಿಲ್ಲಿನಲ್ಲಿ ಉದ್ದಕ್ಕೆ ನುಡಿಸುತ್ತಿರಬೇಕು. ಇನ್ನೊಬ್ಬರು ಒಂದೊಂದೇ ಜಾಗವನ್ನು ಒತ್ತಿ ಹಿಡಿಯುತ್ತಾ ಹೋಗಬೇಕು. ಬಿರಡೆಯ ಹಲ್ಲುಚಕ್ರ, ಅದರ ಸ್ಕ್ರೂ, ನಟ್, ತಂತಿಯ ಬಾಲಕ್ಕೆ ಸುತ್ತಿದ ರೇಷ್ಮೆ ಎಳೆ, ಬ್ರಿಜ್ಜಿನ ಚಕ್ರ, ಬೇಸನ್ನು ನೆಲಕ್ಕೆ ಊರುವ ಕೆಳಗಿನ ಊರುಗೋಲಿನ ತಿರುಪು. ಒತ್ತಿದಾಗ ಸದ್ದು ನಿಂತಿತೇ? ಕಳ್ಳ ಸಿಕ್ಕ. ಹೊರಗೆ ಎಲ್ಲೂ ಸಿಗದಿದ್ದರೆ ಮೈಯ ಅಂಚಿನ ಸುತ್ತ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಅಂಟು ಬಿಟ್ಟ ಕಡೆ ಸದ್ದು ಟೊಳ್ಳಾಗಿ, ಚಪ್ಪಟೆಯಾಗಿ ಬರುತ್ತದೆ. ಹಲಸಿನಹಣ್ಣು ತಟ್ಟಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ತೆಳು ಚಾಕುವಿನ ತುದಿಯಲ್ಲಿ ಸರೇಸು ತೂರಿಸಿ, ಕ್ಲ್ಯಾಂಪ್ ಹಾಕಿ ಒಂದು ರಾತ್ರಿ ಬಿಡಬೇಕು. ಪ್ಲೈವುಡ್ಡಿನ ಪದರವೇ ಬಿಟ್ಟಿದ್ದರೆ ತೆಳ್ಳಗಿನ ಅಂಟನ್ನು ಸಿರಿಂಜಿನಲ್ಲಿ ಇಳಿಸುವುದು ವಾಸಿ.

ನನ್ನ ಬೇಸಿನ ಜರ್ ಸದ್ದಿಗೆ ಎರಡು ತಿಂಗಳು ಹುಡುಕಿದೆ. ಬೇಸಿನೊಳಗೆ ಎಲ್ಲೂ ಇರಲಿಲ್ಲ. ಮೂಲೆಯಲ್ಲಿದ್ದ ಹೀಟರಿನ ತಗಡು ಬೇಸಿನ ಎ ಸ್ವರಕ್ಕೆ ಅದುರುತ್ತಿತ್ತು. ಮೊದಲು ಕೋಣೆ ಬದಲಿಸಿ ನೋಡಿ.

ಉಳಿದ ಚಿಲ್ಲರೆ, ಮತ್ತು ದುಡ್ಡು

ಬಿರಡೆಗಳು ಅಗ್ಗದ ತಗಡಿನವು. ತಿರುಗಿಸಿದಾಗ ಕಿರ್ ಎನ್ನುತ್ತವೆ, ಆದರೆ ಹಲ್ಲು ಸವೆದಿಲ್ಲದಿದ್ದರೆ ಎಣ್ಣೆ ಬಿಟ್ಟು ಸ್ಕ್ರೂ ಬಿಗಿ ಮಾಡಿದರೆ ನಡೆಯುತ್ತದೆ. ಊರುಗೋಲು ಜಾರುತ್ತಿದ್ದರೆ ಬದಲಿಸಿ, ಇಲ್ಲದಿದ್ದರೆ ನುಡಿಸುತ್ತಿರುವಾಗಲೇ ಬೇಸ್ ಕೆಳಗಿಳಿಯುತ್ತದೆ. ಜೊತೆಗೆ ಬಂದ ತಂತಿಗಳನ್ನು ಎಲ್ಲ ಕೆಲಸ ಮುಗಿಯುವವರೆಗೆ ಇಟ್ಟುಕೊಳ್ಳಿ, ಕೊನೆಗೆ ಎಸೆಯಿರಿ. ನಾಲ್ಕು ಒಳ್ಳೆಯ ತಂತಿಗಳ ಒಂದು ಸೆಟ್ಟಿಗೆ ಅಮೆರಿಕದಲ್ಲಿ 150ರಿಂದ 300 ಡಾಲರ್ ಆಗುತ್ತದೆ. ಬೇಸ್ ಬದಲಿಸಿದರೂ ತಂತಿ ನಿಮ್ಮದೇ, ಹಾಗಾಗಿ ಅದು ದಂಡವಲ್ಲ.

ದುಡ್ಡಿನ ಕಥೆ ಕಹಿ. ಕತ್ತು, ಫಿಂಗರ್‌ಬೋರ್ಡ್, ಕೋಲು, ಬ್ರಿಜ್ ಎಲ್ಲವನ್ನೂ ಪಳಗಿದ ಕೆಲಸಗಾರರಿಂದ ಮಾಡಿಸಿದರೆ ಕೂಲಿಯೇ ಬೇಸಿನ ಬೆಲೆಯನ್ನು ದಾಟಬಹುದು. ನಾನು ಒಂದು ಅಂಗಡಿಗೆ ಒಯ್ದಾಗ ಅಲ್ಲಿನ ಹಿರಿಯರು ಬೇಸನ್ನು ಒಂದು ಸುತ್ತು ನೋಡಿ ನಯವಾಗಿ ಕೈ ಮುಗಿದರು. ಆಗ ಅವಮಾನ ಅನಿಸಿತು. ಈಗ ಅವರ ಕಷ್ಟ ಗೊತ್ತಾಗುತ್ತದೆ. ಮುಟ್ಟಿದ ಮೇಲೆ ಹೊಣೆ ಅವರದ್ದಾಗುತ್ತದೆ, ಒಂದು ಸರಿ ಮಾಡಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ, ಗಿರಾಕಿ ದೂರುವುದು ಮಾತ್ರ ಅವರನ್ನೇ.

ಹಾಗಾದರೆ ಎಲ್ಲಿ ನಿಲ್ಲಿಸಬೇಕು? ನನ್ನ ಗೆರೆ ಇದು. ಒಳಗಿನ ಮೇಲಚ್ಚು, ಅಂದರೆ ಕತ್ತು ಕೂರುವ ಮರ, ಸೀಳಿದ್ದರೆ ಬಿಟ್ಟುಬಿಡಿ. ಬೇಸ್ ಬಾರ್ ಕಳಚಿದ್ದರೆ ಎದೆಹಲಗೆಯನ್ನೇ ತೆಗೆಯಬೇಕು, ಅಗ್ಗದ ಬೇಸಿಗೆ ಅಷ್ಟು ಕೆಲಸ ಕಲಿಯುವ ಆಸೆ ಇದ್ದರೆ ಮಾತ್ರ ಮಾಡಿ. ಉಳಿದದ್ದೆಲ್ಲ ಕೈಲಾಗುವ ಕೆಲಸ. ಹಳೆಯದನ್ನು ಕೊಳ್ಳುವುದಾದರೆ, ಯಾರಾದರೂ ಒಬ್ಬರು ಆಗಲೇ ಬ್ರಿಜ್ ಹೊಂದಿಸಿ, ಫಿಂಗರ್‌ಬೋರ್ಡ್ ಕೀಸಿ, ಎರಡು ವರ್ಷ ನುಡಿಸಿ ಮಾರುತ್ತಿರುವ ಬೇಸ್ ಹುಡುಕಿ. ಬೀಳಬೇಕಾದ ಕತ್ತು ಅಷ್ಟರಲ್ಲಿ ಬಿದ್ದಿರುತ್ತದೆ.

ರಿಪೇರಿ ಆದ ಮೇಲೂ ಮೊದಲ ವರ್ಷ ಒಂದು ಕಣ್ಣಿಟ್ಟಿರಿ. ಶ್ರುತಿ ಏರಿಸಿದ ಹಾಗೆಲ್ಲ ತಂತಿಗಳು ಬ್ರಿಜ್ಜಿನ ನೆತ್ತಿಯನ್ನು ಫಿಂಗರ್‌ಬೋರ್ಡ್ ಕಡೆಗೆ ಎಳೆಯುತ್ತವೆ. ನೋಡದೆ ಬಿಟ್ಟರೆ ಒಂದು ದಿನ ಕುದುರೆ ಧಡಾರನೆ ಮಗುಚಿ ಎದೆಹಲಗೆಗೆ ಬಡಿಯುತ್ತದೆ. ಎರಡೂ ಕೈಯಲ್ಲಿ ನೆತ್ತಿ ಹಿಡಿದು ನಿಧಾನಕ್ಕೆ ಹಿಂದಕ್ಕೆ ಸರಿಸಿ. ಶಿಕಾಗೋದ ಚಳಿಗಾಲದಲ್ಲಿ ಹೀಟರಿನ ಒಣಗಾಳಿಗೆ ಮರ ಕುಗ್ಗಿ ತಂತಿ ಕೆಳಗಿಳಿಯುತ್ತಿತ್ತು, ಬೇಸಿಗೆಯ ತೇವಕ್ಕೆ ಉಬ್ಬಿ ಮೇಲೇರುತ್ತಿತ್ತು. ಕೋಣೆಯ ತೇವ ನೂರಕ್ಕೆ 40ರಿಂದ 60ರ ನಡುವೆ ಇದ್ದರೆ ಈ ಏರಿಳಿತ ಕಡಿಮೆ. ನನ್ನ ಕೋಣೆಯಲ್ಲಿ ಅದು ಯಾವತ್ತೂ ಇರಲಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ, ಹಿಮ ಬೀಳುವ ಮುಂಚೆ ಒಮ್ಮೆ, ಕರಗಿದ ಮೇಲೆ ಒಮ್ಮೆ, ಬ್ರಿಜ್ಜಿನ ಎರಡೂ ಚಕ್ರಗಳನ್ನು ಅರ್ಧ ಸುತ್ತು ತಿರುಗಿಸುತ್ತಿದ್ದೆ.